ಎಂಬತ್ತು ಸಾವಿರ ಕಿಲೋಮೀಟರುಗಳನ್ನು ಹಿಂದಿರುಗಿಸುವ ಬಗ್ಗೆ

ಸ್ಪೋರ್ಟ್ಸ್ ಕಾರು ತಯಾರಿಸುವ ಸಂಸ್ಥೆಯ ಮುಖ್ಯ ಎಂಜಿನಿಯರ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಗಾಳಿಯನ್ನು ಸೀಳುವ ತಮಗೆ, ದಿನವಿಡೀ ಒಂದೇ ಸ್ಟೂಲಿನ ಮೇಲೆ ಕೂರುವ ಕನ್ನಡಕದ ಅಂಗಡಿಯವನೊಬ್ಬನ ವಿನಮ್ರ ನಮಸ್ಕಾರಗಳು. ತಾವು ಕ್ಷೇಮವೆಂದೂ ತಮ್ಮ ಸ್ಪ್ರಿಂಗುಗಳು ಎಂದಿನಂತೆ ಬಿಗಿಯಾಗಿವೆಯೆಂದೂ ನಂಬಿದ್ದೇನೆ. ಎರಡನೆಯದಕ್ಕೆ ನನ್ನ ಸೊಂಟವೇ ಸಾಕ್ಷಿ.

ತಮ್ಮ ಕಾರ್ಖಾನೆಯ ಎರಡು ಸೀಟಿನ ಕೆಂಪು ಕಾರನ್ನು ನಾನು ಕೊಂಡು ಒಂಬತ್ತು ವರ್ಷವಾಯಿತು. ಮೊದಲ ಎರಡು ಸಾವಿರ ಕಿಲೋಮೀಟರು ಎಂಜಿನ್ನನ್ನು ದಣಿಸಬಾರದೆಂದು ತಮ್ಮ ಕೈಪಿಡಿ ಅಪ್ಪಣೆ ಕೊಡಿಸಿದ್ದರಿಂದ, ಆ ಅವಧಿಯಲ್ಲಿ ಸೈಕಲ್ ಸವಾರರು ನನ್ನನ್ನು ಹಿಂದೆ ಹಾಕಿ, ಕುತೂಹಲ ತಡೆಯದೆ ತಿರುಗಿ ನೋಡಿಯೂ ಹೋದರು. ಗೇರು ಪ್ರತಿ ಸಲವೂ ಮುಂಗಡವಾಗಿ ಅರ್ಜಿ ಹಾಕಿಕೊಂಡವರಿಗೆ ಮಾತ್ರ ಬೀಳುತ್ತಿತ್ತು. ಆಮೇಲೆ ಎಂಜಿನ್ ಪಳಗಿತು. ಇಪ್ಪತ್ತು ಸಾವಿರದ ಹೊತ್ತಿಗೆ ಅದರ ಓಟ ತಮ್ಮ ಜಾಹೀರಾತಿಗಿಂತ ಚೆನ್ನಾಗಿತ್ತೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ರಸ್ತೆಯಲ್ಲಿ ಬಿದ್ದ ಬೆಂಕಿಕಡ್ಡಿ ಉರಿದದ್ದೋ ಉರಿಯದ್ದೋ ಎಂಬುದು ಕೂಡ ಸ್ಟಿಯರಿಂಗಿನಲ್ಲಿ ತಿಳಿಯುತ್ತಿತ್ತು.

ಆ ದಿನಗಳಲ್ಲೇ ನನ್ನ ಹೆಂಡತಿ, ಶಾಲೆಯಲ್ಲಿ ಗಣಿತ ಕಲಿಸುವವಳು, ಒಮ್ಮೆ ಹತ್ತಿ ಎರಡನೆಯ ತಿರುವಿನಲ್ಲಿ ‘ನಿಲ್ಲಿಸಿ, ನಾನು ಬಸ್ಸಿಗೆ ಹೋಗ್ತೀನಿ. ಅದರ ಡ್ರೈವರಿಗೆ ನಾನು ಒಳಗಿದೀನಿ ಅನ್ನೋದಾದ್ರೂ ಗೊತ್ತಿರತ್ತೆ’ ಎಂದು ಇಳಿದಳು. ಮತ್ತೆ ಐದು ವರ್ಷ ಹತ್ತಲಿಲ್ಲ.

ಐವತ್ತು ಸಾವಿರ ದಾಟಿದ ಮೇಲೆ ತಮ್ಮ ಸಾಧನೆ ಒಂದೊಂದಾಗಿ ಕಳಚತೊಡಗಿತು. ಪಿಸ್ಟನ್ನಿನ ಉಂಗುರಗಳು ಸವೆದು ಏರಿನಲ್ಲಿ ಮೊದಲಿನ ಜಿಗಿತ ಉಳಿಯಲಿಲ್ಲ. ಚಕ್ರಕ್ಕೂ ಒಡಲಿಗೂ ನಡುವೆ ಇರುವ ರಬ್ಬರ್ ಬುಷ್‌ಗಳು ಮೆತ್ತಗಾಗಿ, ರಸ್ತೆಯ ಗುಂಡಿಗಳು ಇದ್ದದ್ದನ್ನು ಇದ್ದಂತೆ ಹೇಳುವ ಚಾಳಿ ಬಿಟ್ಟವು. ಗೇರು ಎರಡು ಬೆರಳಿಗೇ ಒಲಿಯಿತು. ಸೀಟಿನ ಅಂಚು ಕುಸಿದು, ಹೊಸ ಫ್ರೇಮು ಕೆಲವು ವಾರದಲ್ಲಿ ಕಿವಿಯ ಹಿಂದೆ ಒತ್ತುವುದನ್ನು ಮರೆಯುವ ಹಾಗೆ ಕಾರು ನಮ್ಮನ್ನು ಒತ್ತುವುದನ್ನು ಮರೆಯಿತು. ನಮ್ಮನ್ನು ಎಂದೆ, ಗಮನಿಸಿ. ಒಂದು ದಿನ ಬಸ್ಸು ತಪ್ಪಿ ಕಾರು ಹತ್ತಿದ ಹೆಂಡತಿ ಮರುದಿನ ಬಸ್ಸು ಬಂದರೂ ಅದನ್ನು ಹತ್ತಲಿಲ್ಲ. ಶಾಲೆಯವರೆಗೆ ಮಾತಾಡುತ್ತಿದ್ದೆವು. ಮನೆಯಲ್ಲಿ ಟೇಬಲ್ಲಿನ ಆಚೀಚೆ ಕೂತು ಆಡಲಾಗದ ಮಾತುಗಳು, ಇಬ್ಬರೂ ಒಂದೇ ಕಡೆಗೆ ಮುಖ ಮಾಡಿದಾಗ ಸಲೀಸಾಗಿ ಬರುತ್ತಿದ್ದವು. ಅವಳು ಬರುತ್ತಿದ್ದದ್ದು ನನಗಾಗಿಯೋ ಸವೆದ ಬುಷ್‌ಗಳಿಗಾಗಿಯೋ ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬಂದೀತೆಂಬ ಭಯವಿತ್ತು.

ಇಂಥ ಸುಸಮಯದಲ್ಲಿ ತಾವು ಹಳೆಯ ಗ್ರಾಹಕರಿಗಾಗಿ, ಸವೆದ ಭಾಗಗಳನ್ನೆಲ್ಲ ಹೊಸದಾಗಿಸುವ ‘ಪುನರ್ಯೌವನ’ ಎಂಬ ಉಚಿತ ಯೋಜನೆ ಹೂಡಿದಿರಿ. ಬಿಟ್ಟಿ ಎಂದರೆ ಯಾರು ಬಿಡುತ್ತಾರೆ, ಕಾರು ಕಳಿಸಿದೆ. ಎಂಬತ್ತು ಸಾವಿರ ಕಿಲೋಮೀಟರು ಕಷ್ಟಪಟ್ಟು ಹದ ಮಾಡಿದ್ದನ್ನು ತಮ್ಮ ಕಾರ್ಯಾಗಾರ ಒಂದೇ ವಾರದಲ್ಲಿ ಅಳಿಸಿಹಾಕಿತು. ಎಂಥ ದಕ್ಷತೆ, ಎಂಥ ಬಿಗಿ. ಮೊದಲ ಬೆಳಿಗ್ಗೆಯೇ ನನ್ನ ಕಾಲು ಹಳೆಯ ಚಟಕ್ಕೆ ಬಿದ್ದಿತು, ಕಣ್ಣು ರಸ್ತೆಗೆ ಅಂಟಿತು, ಅವಳು ಹೇಳುತ್ತಿದ್ದದ್ದು ಅರ್ಧದಲ್ಲಿ ನಿಂತದ್ದು ನನಗೆ ತಿಳಿಯಲೂ ಇಲ್ಲ. ಮರುದಿನ ಅವಳು ಬಸ್ ಸ್ಟಾಪಿನಲ್ಲಿ ನಿಂತಿದ್ದಳು. ಇದು ಮೂರನೆಯ ವಾರ.

ನಾನು ಕಾರ್ಯಾಗಾರಕ್ಕೆ ಧಾವಿಸಿ ಹಳೆಯ ಬುಷ್‌ಗಳನ್ನು ಬೇಡಿದೆ. ಮೆಕ್ಯಾನಿಕ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಅದೆಲ್ಲ ಗುಜರಿಗೆ ಹೋಯ್ತು ಸಾರ್. ಜನ ಸ್ಪೀಡು ಕಮ್ಮಿ ಅಂತ ಜಗಳಕ್ಕೆ ಬರ್ತಾರೆ, ನೀವು ಜಾಸ್ತಿ ಅಂತ ಬಂದಿದೀರಲ್ಲ’ ಎಂದ. ಆತನ ಸೌಜನ್ಯಕ್ಕೆ ಬಡ್ತಿ ಕೊಡಬೇಕಾಗಿ ಪ್ರಾರ್ಥನೆ.

ಆದ್ದರಿಂದ ತಾವು ದಯವಿಟ್ಟು ಈ ಕಾರನ್ನು ತಮ್ಮ ಪರೀಕ್ಷಾ ಪಥದಲ್ಲಿ ಎಂಬತ್ತು ಸಾವಿರ ಕಿಲೋಮೀಟರು ಓಡಿಸಿ ಹಿಂದಿರುಗಿಸಬೇಕು. ಚಾಲಕ ಮಧ್ಯವಯಸ್ಕನಾಗಿರಲಿ, ಗುಂಡಿಗಳಿಗೆ ಗೌರವ ಕೊಡುವವನಾಗಿರಲಿ. ಪಕ್ಕದ ಸೀಟಿನಲ್ಲಿ ಯಾರನ್ನಾದರೂ ಕೂರಿಸಿ, ಅವರ ವಾಕ್ಯ ಪೂರ್ತಿಯಾಗುವವರೆಗೆ ಗೇರು ಬದಲಿಸಬಾರದು. ಇದೆಲ್ಲ ಬರುವ ಸೋಮವಾರ ಬೆಳಿಗ್ಗೆ ಶಾಲೆಯ ಗಂಟೆ ಬಾರಿಸುವುದರೊಳಗೆ ಆಗಬೇಕು. ಇಷ್ಟು ವೇಗದ ಸಂಸ್ಥೆಗೆ ಅದೇನು ಮಹಾ.

ತಮ್ಮ ವೇಗದ ಬಗ್ಗೆ ಇನ್ನೂ ಅಪಾರ ಭರವಸೆಯಿರುವ,
ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ಮರೆತ ಮಾತು: ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಿದ್ದ ಈ ಪತ್ರವನ್ನು ಹೆಂಡತಿ ಓದಿದಳು. ‘ಕಾರನ್ನ ಹಳೇದು ಮಾಡೋಕೆ ಎಂಜಿನಿಯರ್ ಯಾಕ್ರೀ ಬೇಕು? ಕೀ ಕೊಡಿ. ನೀವು ನನ್ನ ಸೀಟಲ್ಲಿ ಕೂತ್ಕೊಳ್ಳಿ’ ಎಂದಳು. ಆದ್ದರಿಂದ ತಾವು ಚಾಲಕನನ್ನು ಹುಡುಕುವ ತೊಂದರೆ ಬೇಡ. ಈ ಕೊನೆಯ ಸಾಲುಗಳನ್ನು ನಾನು ಒಂಬತ್ತು ವರ್ಷದಲ್ಲಿ ಮೊದಲ ಸಲ ಪಕ್ಕದ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರಗಳು ಅಲ್ಲಲ್ಲಿ ಕುಣಿದಿದ್ದರೆ ಅವನ್ನು ತಮ್ಮ ಹೊಸ ಸ್ಪ್ರಿಂಗುಗಳ ಸಹಿಯೆಂದು ಭಾವಿಸಿ ಚೌಕಟ್ಟು ಹಾಕಿಸಿಕೊಳ್ಳುವುದು.