ಹನ್ನೆರಡು ಪದಕ್ಕೆ ಕುಂಕುಮ

ಎಷ್ಟೋ ದೇಶ ಸುತ್ತಿದೆ, ಯಾರೂ ನಾನು ಕೈಚೆಲ್ಲಿ ಕೂರುವಂತೆ ಮಾಡಲಿಲ್ಲ. ಆ ಕೆಲಸಕ್ಕೆ ಆದೋನಿಯಲ್ಲಿ ನನ್ನಣ್ಣನಿದ್ದಾನೆ. ಹತ್ತಿ ವ್ಯಾಪಾರಿ. ಅತ್ತಿಗೆಯ ನಾಲ್ಕು ಚಿನ್ನದ ಬಳೆ ಮಾರಿ ಕ್ರಿಪ್ಟೊಗೆ ಇಳಿದ, ಅದೂ ನಡುವೆ ಯಾವ ಕಂಪನಿಯೂ ಇಲ್ಲದ, ತಪ್ಪಾದರೆ ದೂರು ಕೇಳುವವರೂ ಇಲ್ಲದ ಪೇಟೆಗೆ. ಯುಗಾದಿಗೆ ಬಳೆ ವಾಪಸ್ ಎಂದು ಆಕೆಗೆ ಮಾತು ಕೊಟ್ಟಿದ್ದ. ಅವನಿಗೆ ಜೋಪಾನ ಕಲಿಸುವುದು ತಂಗಿಯಾದ ನನ್ನ ಪಾಲಿಗೆ ಬಿತ್ತು. ನಾನು ಪಾಠ ಹೇಳಿದ ಹಾಗೆಲ್ಲ ಬಳೆ ಹೋಗುತ್ತ ಬಂದವು.

೧. ಸ್ಯಾಂಪಲ್

ಹೊಸ ಕಾಯಿನ್ ಆದರೆ ಮೊದಲು ಚೂರು ಕೊಂಡು ನೋಡು ಎಂದೆ. ಅಣ್ಣನ ಮುಖ ಅರಳಿತು. ಲಾಟಿನಿಂದ ಒಂದು ಹಿಡಿ ಹತ್ತಿ ಕಿತ್ತು ಎಳೆ ನೋಡುವುದು ಅವನ ಕಸುಬೇ. ಚೂರು ಕೊಂಡ, ಬಂತು. ಲಾಟಿಗೆ ಲಾಟೇ ಕೊಂಡ, ಅದೂ ಬಂತು. ಮಾರಲು ಹೋದರೆ ಹೋಗಲೊಲ್ಲದು. ಮೋಸದ ಕಾಯಿನ್, ಮಾಡಿದವರು ಕೊಳ್ಳುವ ಬಾಗಿಲು ಮಾತ್ರ ಇಟ್ಟಿದ್ದರು. ಚೂರು ಮಾರಿಯೂ ನೋಡಬೇಕಿತ್ತಲ್ಲೋ ಎಂದೆ.

"ಮಾರೋ ಸ್ಯಾಂಪಲ್ ಯಾರು ನೋಡ್ತಾರವ್ವ? ತಗೊಂಡ ಹತ್ತಿ ಯಾವತ್ತರ ಗೋಡೌನ್ ಬಿಟ್ಟು ಬರಂಗಿಲ್ಲ ಅಂದೈತೇನು?"

೨. ಟವೆಲ್

ಅಪ್ಪನ ಕಾಲದ ಹತ್ತಿ ಪೇಟೆಯಲ್ಲಿ ಟವೆಲಿನಡಿ ಬೆರಳು ಹಿಡಿದು ದರ ಹೇಳುತ್ತಿದ್ದರು, ಪಕ್ಕದವನಿಗೂ ತಿಳಿಯದಂತೆ. ಈ ಪೇಟೆಯಲ್ಲಿ ನಮ್ಮ ಆರ್ಡರು ಮುಗಿಯುವ ಮೊದಲೇ ಊರಿಗೆಲ್ಲ ಕಾಣುತ್ತದೆ. ದರ ಎಷ್ಟರವರೆಗೆ ಏರಿದರೆ ಒಪ್ಪಿಗೆ ಎಂದು ಫೋನು ಕೇಳಿದರೆ ಅರ್ಧ ಪರ್ಸೆಂಟ್ ದಾಟಬೇಡ ಎಂದು ಹೇಳಿ ಎಮ್ಮಿಗನೂರಿಗೆ ಸೀರೆ ತರಲು ಹೋದೆ. ಬರುವಷ್ಟರಲ್ಲಿ ಮೂವತ್ತು ಪರ್ಸೆಂಟ್ ಹಾಕಿದ್ದ. ಯಾರದೋ ಪ್ರೋಗ್ರಾಂ ಅದನ್ನು ಕಂಡು, ತಾನು ಮೊದಲು ಕೊಂಡು ದರ ಏರಿಸಿ, ಸರಿಯಾಗಿ ಮೂವತ್ತು ಹೆಚ್ಚಿಗೆ ಇವನಿಗೇ ಮಾರಿತ್ತು. "ಚೌಕಾಸಿ ಮಾಡಿ ಇಳಿಸ್ತಾರಂತ ಮಾಡಿದ್ದೆ" ಎಂದ, ಎರಡು ರೂಪಾಯಿಗೆ ಪಕ್ಕದ ಆಸ್ಪರಿಯ ರೈತರ ಜೊತೆ ಅರ್ಧ ದಿನ ಕೂರುವ ಮನುಷ್ಯ.

ಮರುದಿನದಿಂದ ಫೋನಿಗೆ ಟವೆಲ್ ಹೊದಿಸಿ ವ್ಯಾಪಾರ ಮಾಡತೊಡಗಿದ.

೩. ಕಾಗದ

ಉಳಿದದ್ದು ಎರಡು ಬಳೆಯ ದುಡ್ಡು. ಅದಿರುವ ವ್ಯಾಲೆಟ್ ತೆರೆಯಲು ಹನ್ನೆರಡು ಇಂಗ್ಲಿಷ್ ಪದ. ಪದ ಸಿಕ್ಕವರಿಗೆ ದುಡ್ಡೂ ಸಿಕ್ಕಿದಂತೆ. ಫೋನಿನಲ್ಲಿ ಇಡಬೇಡ, ಫೋಟೋ ತೆಗೆಯಬೇಡ, ಕಾಗದದಲ್ಲಿ ಬರೆದು ಮನೆಯಲ್ಲೇ ಭದ್ರವಾದ ಜಾಗದಲ್ಲಿಡು ಎಂದೆ. ಮೊದಲ ಸಲ ಅಣ್ಣ ಚಾಚೂ ತಪ್ಪಲಿಲ್ಲ. ಕಾಗದವನ್ನು ದೇವರ ಮುಂದಿಟ್ಟ.

ಶುಕ್ರವಾರ ಅತ್ತಿಗೆ ಬಳೆ ಬರಲಿ ಎಂದು ಕಾಗದಕ್ಕೂ ಹೂವೇರಿಸಿ, ಪ್ರತಿವಾರದಂತೆ ಪೂಜೆಯ ಫೋಟೋವನ್ನು ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದಳು. ಗುಂಪಿನ ತುಂಬ ಮುಗಿದ ಕೈಗಳು. ಯಾರದೋ ಒಂದು ಕೈ ಮಾತ್ರ ಬೇರೆ ಕೆಲಸದಲ್ಲಿತ್ತು. ನಾವು ಚಹಾ ಕುಡಿದು ಏಳುವಷ್ಟರಲ್ಲಿ ವ್ಯಾಲೆಟ್ ಖಾಲಿ.

"ನಾ ಏನೂ ತಪ್ಪು ಮಾಡಿಲ್ಲವ್ವ," ಅಂದ ಅಣ್ಣ. "ಫೋಟೋ ನಾ ತಗದಿಲ್ಲ."

ಅತ್ತಿಗೆ ಬರಿಗೈ ನೋಡಿಕೊಂಡಳು.

"ಹನ್ನೆರಡಕ್ಕೂ ಬ್ಯಾರೆ ಬ್ಯಾರೆ ಕುಂಕುಮ ಇಟ್ಟಿದ್ದೆ," ಅಂದಳು. "ಒಂದು ಅಕ್ಷರನೂ ಮುಚ್ಚಬಾರದಂತ ಎಷ್ಟು ಜ್ವಾಪಾನ ಮಾಡಿದ್ದೆ, ಗೊತ್ತೇನು ನಿನಗ."