ತಾಲ್ಲೂಕು ಹೇಳುವ ನಂಬರು

ಯಾರನ್ನಾದರೂ ಕಂಡ ಕೂಡಲೇ "ಯಾವ ಊರಾಯ್ತು?" ಎಂದು ಕೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಈ ಚಟ ಮನುಷ್ಯರ ಮಟ್ಟಿಗೆ ನಿಂತಿದ್ದರೆ ತೊಂದರೆಯಿರಲಿಲ್ಲ. ನಾನು ಅದನ್ನು ಕಂಪ್ಯೂಟರುಗಳಿಗೂ ಅಂಟಿಸಿದೆ.

ಸಾಗರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರು ನೋಡಿಕೊಳ್ಳುವವನು ನಾನು. ಮೂರು ತಾಲ್ಲೂಕಿನಲ್ಲಿ ನಮ್ಮ ಶಾಖೆಗಳಿವೆ. ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೂ ಅಂಕಿ ಚುಕ್ಕಿಗಳ ಒಂದು ವಿಳಾಸ ಬೇಕು. ಯಾವ ಅಂಕಿ ಕೊಟ್ಟರೂ ಯಂತ್ರಕ್ಕೆ ಬೇಸರವಿಲ್ಲ. ನನಗಿತ್ತು. ವಿಳಾಸದ ಆರಂಭದಲ್ಲೇ ತಾಲ್ಲೂಕು ಕಾಣಬೇಕೆಂದು ಸಾಗರಕ್ಕೆ ಒಂದು, ಹೊಸನಗರಕ್ಕೆ ಎರಡು, ತೀರ್ಥಹಳ್ಳಿಗೆ ಮೂರು ಎಂದಿಟ್ಟೆ. ಅದರ ಪಕ್ಕದಲ್ಲಿ ಶಾಖೆಯ ಅಂಕಿ. ಅನುಕೂಲ ಇಲ್ಲದಿರಲಿಲ್ಲ. ಇಡೀ ತಾಲ್ಲೂಕಿಗೆ ಅನ್ವಯಿಸುವ ನಿಯಮವನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಬಹುದಿತ್ತು. ಯಾವುದಾದರೂ ಯಂತ್ರ ಕೆಟ್ಟರೆ ಕಾಫಿ ಲೋಟ ಕೆಳಗಿಡದೆ "ಇದು ಹೊಸನಗರದ್ದು" ಎನ್ನುತ್ತಿದ್ದೆ. ಜ್ಯೋತಿಷಿಗೂ ಅಷ್ಟು ಮರ್ಯಾದೆ ಸಿಗಲಿಕ್ಕಿಲ್ಲ.

ಸಹೋದ್ಯೋಗಿ ಸವಿತಾ ಮಾತ್ರ ಆಗಲೇ ಕೇಳಿದ್ದಳು: "ಸರ್, ನಾಳೆ ಮಿಷನ್ ಎತ್ತಿ ಬೇರೆ ಕಡೆ ಇಟ್ರೆ ಎಂತ ಮಾಡ್ತೀರಿ? ನಂಬರು ಬರೀ ನಂಬರಾಗಿರ್ಲಿ. ಊರಿನ ಹೆಸರು ಬೇರೆ ಕಡೆ ಬರ್ಕೊಳಣ."

"ಶಾಖೆ ಅಂದ್ರೆ ಬಸ್ಸಲ್ಲ ಮಾರಾಯ್ತಿ, ಊರೂರು ತಿರುಗೋಕೆ" ಎಂದಿದ್ದೆ.

ತಿರುಗಿತು. ಸಾಗರ ತಾಲ್ಲೂಕಿನ ಬ್ಯಾಕೋಡಿನ ಶಾಖೆ ಮುಚ್ಚಿ, ಅಲ್ಲಿನ ಯಂತ್ರ ತೀರ್ಥಹಳ್ಳಿಗೆ ಹೋಯಿತು. ವಿಳಾಸ ಬದಲಿಸಿದರೆ ಅದನ್ನು ಬಳಸುವ ಉಳಿದೆಲ್ಲ ಕಡೆಯೂ ಬದಲಿಸಬೇಕು, ಅಷ್ಟು ಹೊತ್ತು ವರದಿಗಳು ನಿಲ್ಲುತ್ತವೆ. ಇರಲಿ, ನಾನಿದ್ದೇನಲ್ಲ, ನೆನಪಿರುತ್ತದೆ ಎಂದು ಹಾಗೇ ಬಿಟ್ಟೆ.

ಕಳೆದ ವಾರ ಒಂದು ಬೆಳಿಗ್ಗೆ ಆ ಯಂತ್ರದಿಂದ ವರದಿ ಬರುವುದು ನಿಂತಿತು. ಪರದೆಯ ಮೇಲೆ ವಿಳಾಸ ನೋಡಿದೆ: ಸಾಗರ, ಬ್ಯಾಕೋಡು. ಯಾರಿಗೂ ಹೇಳದೆ ಬೈಕ್ ಹತ್ತಿದೆ. ಸಿಗಂದೂರಿಗೆ ಹೊರಟ ಭಕ್ತರ ಕಾರುಗಳ ಹಿಂದೆ ಅಣೆಕಟ್ಟಿನ ಹಿನ್ನೀರು ದಾಟಿ ಬ್ಯಾಕೋಡು ಮುಟ್ಟಿದರೆ, ಶಾಖೆಯಿದ್ದ ಕೋಣೆಯಲ್ಲಿ ಟೈಲರೊಬ್ಬರು ರವಿಕೆ ಹೊಲಿಯುತ್ತಿದ್ದರು. ಆಗ ಎಲ್ಲ ನೆನಪಾಯಿತು. ಅಷ್ಟರಲ್ಲಿ ಸವಿತಾಳ ಫೋನು.

"ಸರ್, ಎಲ್ಲಿದೀರಿ? ತೀರ್ಥಹಳ್ಳೀಲಿ ತುಂಬು ಬಸುರಿ ಒಬ್ರು ರಿಪೋರ್ಟಿಗೆ ಕಾಯ್ತಿದಾರೆ. ಡಾಕ್ಟ್ರು ಮಧ್ಯಾಹ್ನ ಹೊರಟ್ಬಿಡ್ತಾರಂತೆ."

"ಬ್ಯಾಕೋಡಲ್ಲಿದೀನಿ" ಎಂದೆ.

"ಬೈಯಕ್ಕೂ ಪುರುಸೊತ್ತಿಲ್ಲ ಸರ್. ನಾನೇ ನೋಡ್ತೀನಿ" ಎಂದು ಫೋನಿಟ್ಟಳು.

ಆ ಹೆಣ್ಣುಮಗಳಿಗೆ ಏನಾದರೂ ಆದರೆ ಯಾವ ಮುಖ ಹೊತ್ತು ಲ್ಯಾಬಿಗೆ ಹೋಗುವುದು? ಟೈಲರು ತೋರಿಸಿದ ಬೆಂಚಿನಲ್ಲಿ ಕೂತು ಅವರ ಗೋಡೆ ಗಡಿಯಾರವನ್ನೇ ನೋಡಿದೆ. ಕೊನೆಗೆ ಸವಿತಾಳ ಫೋನು ಬಂತು. ತೀರ್ಥಹಳ್ಳಿಯ ನರ್ಸಿಗೆ ಫೋನಿನಲ್ಲೇ ಹೇಳಿಕೊಟ್ಟು, ಅವರ ಕೈಯಿಂದಲೇ ಹಾಳಾದ ಕೇಬಲ್ ಬದಲಾಯಿಸಿದ್ದಳು.

"ರಿಪೋರ್ಟ್ ಡಾಕ್ಟ್ರ ಕೈ ಸೇರ್ತು ಸರ್. ಗಾಬರಿ ಎಂತ ಇಲ್ವಂತೆ."

"ಭಾನುವಾರ ಎಲ್ಲಾ ನಂಬರು ಬದಲಿಸೋಣ ಸವಿತಾ. ಊರು, ತಾಲ್ಲೂಕು ಯಾವುದೂ ಬೇಡ. ಈಗ ಎಲ್ಲಿದೆಯೋ ಅದೇ ಅದರ ಊರು" ಎಂದು ಗಟ್ಟಿಯಾಗಿಯೇ ಹೇಳಿದೆ.

ಟೈಲರು ಹೊಲಿಗೆ ನಿಲ್ಲಿಸಿ ಕೇಳಿದರು: "ಯಾವ ಊರಾಯ್ತು ನಿಮ್ದು?"

"ಮಾವಿನಕೊಡ್ಲು" ಎಂದೆ, ಯೋಚಿಸದೆ.

ಅವರು ಸೂಜಿಗೆ ದಾರ ಪೋಣಿಸುತ್ತ ನಿಧಾನವಾಗಿ ಹೇಳಿದರು: "ಅದು ನಿಮ್ಮಜ್ಜನ ಕಾಲದಲ್ಲೇ ಮುಳುಗಿದ್ದಲ್ರಾ. ಈಗ ದಾಟಿ ಬಂದ್ರಲ್ಲ, ಆ ನೀರಿನಡಿಗೇ ಇರೋದು."

ನಾನು ಹುಟ್ಟಿದ್ದು, ಓದಿದ್ದು, ಮನೆ ಕಟ್ಟಿದ್ದು ಎಲ್ಲ ಸಾಗರದಲ್ಲೇ. ಮಾವಿನಕೊಡ್ಲನ್ನು ನಾನು ನೋಡಿದವನೇ ಅಲ್ಲ.