ಪಕ್ಕದ ಸೀಟು

ಡ್ರೈವಿಂಗ್ ಮೇಷ್ಟ್ರ ಲೈಸೆನ್ಸಿನ ಅವಧಿ ಮುಗಿದು ಹದಿನಾಲ್ಕು ತಿಂಗಳಾಗಿತ್ತು. ಇಂಥ ತಾರೀಖುಗಳನ್ನೆಲ್ಲ ನೆನಪಿಟ್ಟುಕೊಳ್ಳುತ್ತಿದ್ದವಳು ಹೆಂಡತಿ. ಆಕೆ ದೇವರ ಪಾದ ಸೇರಿ ಒಂದೂವರೆ ವರ್ಷ. ಅವಧಿ ಮುಗಿದು ವರ್ಷ ದಾಟಿದರೆ ಹೊಸಬರಂತೆ ಮತ್ತೆ ಪರೀಕ್ಷೆ ಕೊಡಬೇಕು, ಪಾಸಾಗದಿದ್ದರೆ ಕಲಿಸುವಂತಿಲ್ಲ, ಶಾಲೆಯ ಬೋರ್ಡು ಇಳಿಸಬೇಕು ಎಂದು ಕಚೇರಿಯ ಗುಮಾಸ್ತ ಹೇಳಿದಾಗ ಮೇಷ್ಟ್ರಿಗೆ ನಗು ಬಂತು. ಹದಿನೆಂಟನೆಯ ವಯಸ್ಸಿಗೆ ಮೊದಲ ಸಲಕ್ಕೇ ಪಾಸಾದವರು ಅವರು. ಫೇಲು ಎಂಬುದು ಬೇರೆಯವರ ಮನೆಗೆ ಬರುವ ಕಾಯಿಲೆ ಎಂದೇ ತಿಳಿದಿದ್ದರು. 'ನಮ್ಮಲ್ಲಿ ಕಲಿತವರೆಲ್ಲ ಪಾಸು' ಎಂದು ಬೋರ್ಡಿನ ಮೇಲೆ ಬರೆಸಿದ್ದರು.

ಪರೀಕ್ಷೆಯ ದಿನ ಮೈದಾನದವರೆಗೆ ಎಲ್ ಬೋರ್ಡಿನ ಗಾಡಿಯನ್ನು ತಾವೇ ಓಡಿಸಿದರೆ ಮರ್ಯಾದೆಗೆ ಕಡಿಮೆ ಎಂದು ಪಕ್ಕದ ಮನೆಯ ಹೊಲಿಗೆಯಮ್ಮನನ್ನು ಕರೆದರು. ಆಕೆ ಅವರ ಹಳೆಯ ಶಿಷ್ಯೆ, ಐದು ಸಲ ಫೇಲಾಗಿ ಆರನೆಯ ಸಲಕ್ಕೆ ಗೆದ್ದವಳು. ಮಹಡಿ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಕರೆಯದೆಯೇ ಬಂದು ಹಿಂದಿನ ಸೀಟಿನಲ್ಲಿ ಕೂತರು. ಬೀದಿಯ ಸುದ್ದಿಯನ್ನು ಮನೆಮನೆಗೆ ತಲುಪಿಸುವ ಕೆಲಸದಿಂದ ಅವರು ಇನ್ನೂ ನಿವೃತ್ತರಾಗಿರಲಿಲ್ಲ.

ದಾರಿಯುದ್ದಕ್ಕೂ ಮೇಷ್ಟ್ರು ಆಕೆಯನ್ನು ಗದರಿಸಿದರು. "ಅದು ಗೇರು ತಾಯಿ, ಒನಕೆ ಅಲ್ಲ" ಎಂದರು. ಹೊಲಿಗೆಯಮ್ಮ ಗೇರು ಬದಲಿಸಿ ಓಡಿಸಿದಳು.

ಮೈದಾನದಲ್ಲಿ ಮೇಷ್ಟ್ರ ಹೆಸರು ಕೂಗಿದರು. ಮೇಷ್ಟ್ರು ಠೀವಿಯಿಂದ ಹೋಗಿ, ಬಾಗಿಲು ತೆಗೆದು, ಪಕ್ಕದ ಸೀಟಿನಲ್ಲಿ ಕೂತರು. ಇಪ್ಪತ್ತೆರಡು ವರ್ಷದ ಅಭ್ಯಾಸ. ಪರೀಕ್ಷಾಧಿಕಾರಿ, ಮಗಳ ವಯಸ್ಸಿನ ಹೆಣ್ಣುಮಗಳು, ಕಾಗದ ಹಿಡಿದು ಹೊರಗೇ ನಿಂತಳು.

"ಹತ್ತಿ, ಹೆದರಬೇಡಿ," ಎಂದರು ಮೇಷ್ಟ್ರು.

"ಸಾರ್, ಗಾಡಿ ಓಡಿಸಬೇಕಾದವರು ನೀವು."

ಬೇಲಿಯಾಚೆ ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಮೇಷ್ಟ್ರು ಬೆವರೊರೆಸಿಕೊಂಡು ಸೀಟು ಬದಲಿಸಿದರು. ಅಲ್ಲಿ ಕೂತಾಗಲೇ ಅವರಿಗೆ ಹೊಳೆದದ್ದು, ಆ ಸೀಟಿನಲ್ಲಿ ಕೂತು ವರ್ಷಗಳೇ ಆಗಿವೆ ಎಂದು. ಮಾರುಕಟ್ಟೆಗೆ ತರಕಾರಿ ತರಲು ಹೋದರೂ ಯಾರಾದರೊಬ್ಬ ಶಿಷ್ಯನಿಗೆ ಪಾಠವಾಗುತ್ತಿತ್ತು. ಎರಡು ಕೋಲುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸಬೇಕು. ಮೇಷ್ಟ್ರು ಹಿಂದೆ ಬಂದರು. ಕೋಲು ಹತ್ತಿರವಾಯಿತು. ಆಗ ಅವರು ಇಪ್ಪತ್ತೆರಡು ವರ್ಷ ಮಾಡಿದ್ದನ್ನೇ ಮಾಡಿದರು: ಎರಡೂ ಕಾಲು ನೆಲಕ್ಕೂರಿ, "ಬ್ರೇಕು, ಬ್ರೇಕು ಹಾಕಿ" ಎಂದು ಕೂಗಿದರು.

ಹಾಕುವವರು ಯಾರೂ ಇರಲಿಲ್ಲ. ಕೋಲು ಬಿತ್ತು. ಪಕ್ಕದ ಕೋಲೂ ಬಿತ್ತು. ಗಾಡಿ ಬೇಲಿಗೆ ತಾಗಿ, ಕೆಮ್ಮಿ, ನಿಂತಿತು.

"ಯಾರಿಗೆ ಹೇಳಿದ್ರಿ ಸಾರ್?" ಎಂದು ಅಧಿಕಾರಿ ಹೊರಗಿನಿಂದ ಕಿಟಕಿಗೆ ಬಾಗಿ ಮೃದುವಾಗಿಯೇ ಕೇಳಿದಳು. ಆ ಮೃದುತನದಿಂದಲೇ ಮೇಷ್ಟ್ರಿಗೆ ಹೆಚ್ಚು ನೋವಾಯಿತು. ತಾವು ಯಾರಿಗೂ ಹಾಗೆ ಕೇಳಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿಗೂ ಮೂರು ದಿನ ಕಲಿಸಿದ್ದರು. ಮೂರನೆಯ ದಿನ ಗಾಡಿ ನಡುಬೀದಿಯಲ್ಲಿ ನಿಂತುಹೋದಾಗ "ನಿನ್ನ ಕೈಲಾಗಲ್ಲ, ಇಳಿ" ಅಂದಿದ್ದರು. ಆಕೆ ಇಳಿದು, ಬಾಗಿಲನ್ನು ಮೆಲ್ಲಗೆ ಹಾಕಿ, ಮನೆಗೆ ನಡೆದುಹೋಗಿದ್ದಳು. ಮತ್ತೆಂದೂ ಆ ಮಾತೆತ್ತಿರಲಿಲ್ಲ.

ಬೋರ್ಡು ಪೂರ್ತಿ ಇಳಿಸುವ ಬದಲು 'ಎಲ್ಲ' ಅನ್ನುವಲ್ಲಿ ಸ್ವಲ್ಪ ಸುಣ್ಣ ಹಚ್ಚಿದರೆ ಸಾಲದೇ ಎಂದು ಪೋಸ್ಟ್‌ಮಾಸ್ಟರು ಸಲಹೆ ಕೊಟ್ಟರು. ಹೊಲಿಗೆಯಮ್ಮ ಮಾತ್ರ ನಗಲಿಲ್ಲ. ಮಧ್ಯಾಹ್ನ ಮೈದಾನ ಖಾಲಿಯಾದ ಮೇಲೆ ಅಧಿಕಾರಿಯನ್ನು ಕೇಳಿ ಕೋಲುಗಳನ್ನು ಮತ್ತೆ ನೆಟ್ಟಳು. ಮೇಷ್ಟ್ರನ್ನು ಓಡಿಸಲು ಕೂರಿಸಿ, ತಾನು ಪಕ್ಕದ ಸೀಟಿನಲ್ಲಿ ಕೂತಳು. ಪೋಸ್ಟ್‌ಮಾಸ್ಟರು ಮತ್ತೆ ಹಿಂದಿನ ಸೀಟು ಸೇರಿದರು.

"ನಿಧಾನಕ್ಕೆ ಕಾಲು ಬಿಡಿ ಅಣ್ಣ. ಗಾಡಿ ನಿಂತರೆ ನಿಲ್ಲಲಿ. ಗಾಡಿಗೇ ನಾಚಿಕೆ ಇಲ್ಲ, ನಮಗ್ಯಾಕೆ?"

ಮೇಷ್ಟ್ರು ಆಕೆಯ ಕಡೆ ತಿರುಗಿದರು. ಹಾಲು ಉಕ್ಕಿದಾಗ, ಸೂಜಿ ಮುರಿದಾಗ, ಹೀಗೇ ಮಾತಾಡುವವಳು ಮನೆಯಲ್ಲೊಬ್ಬಳು ಇದ್ದಳು.

"ಈ ಮಾತು ಯಾರು ಹೇಳಿಕೊಟ್ಟರು?"

"ಅಕ್ಕ. ನೀವು ಊಟ ಮಾಡಿ ಮಲಗಿದ ಮೇಲೆ ಇದೇ ಗಾಡೀಲಿ ಕಲಿಸ್ತಿದ್ರು."

"ಅವಳಿಗೆ ಓಡಿಸೋಕೇ ಬರ್ತಿರಲಿಲ್ಲವಲ್ಲ."

"ಆರು ಸಲ ಫೇಲಾಗಿ ಏಳನೇ ಸಲಕ್ಕೆ ಪಾಸಾದ್ರು, ತವರಿಗೆ ಹೋದಾಗ, ಅಲ್ಲಿನ ಕಚೇರೀಲಿ. ಎಲ್ಲಿ ಕೈ ನಡುಗುತ್ತೆ, ಎಲ್ಲಿ ಕಾಲು ಜಾರುತ್ತೆ ಅಂತ ಅವರಿಗೆ ಗೊತ್ತಿತ್ತು. ನಿಮಗೆ ಅದು ಹೇಗೆ ಗೊತ್ತಾಗಬೇಕು ಅಣ್ಣ, ನೀವು ಒಂದೇ ಸಲಕ್ಕೆ ಪಾಸಾದವರು. ನೀವು ಕೈಲಾಗಲ್ಲ ಅಂದವರೆಲ್ಲ ಅಕ್ಕನ ಹತ್ತಿರ ಹೋಗ್ತಿದ್ರು."

ಮೇಷ್ಟ್ರು ಕನ್ನಡಿಯಲ್ಲಿ ಪೋಸ್ಟ್‌ಮಾಸ್ಟರ ಮುಖ ನೋಡಿದರು. ಜೀವಮಾನದಲ್ಲಿ ಒಂದೇ ಒಂದು ಗುಟ್ಟು ಕಾಪಾಡಿದ ಆ ಮನುಷ್ಯ ಕಿಟಕಿಯಾಚೆ ನೋಡುತ್ತ, "ಬೀದಿಗೆಲ್ಲ ಗೊತ್ತಿತ್ತು. ನಿಮಗೆ ಹೇಳಬೇಡಿ ಅಂತ ಕೈಮುಗಿದಿದ್ದರು. ನಾನೂ ಅವರ ಶಿಷ್ಯನೇ," ಎಂದರು.

ಬೋರ್ಡು ಸುಳ್ಳಾಗಿರಲಿಲ್ಲ. ಎಲ್ಲರೂ ಪಾಸಾಗಿದ್ದರು. ಕಲಿಸಿದವರು ಮಾತ್ರ ಬೇರೆ.

ಇಳಿದು, ಬಾಗಿಲನ್ನು ಮೆಲ್ಲಗೆ ಹಾಕಿ, ಮನೆಗೆ ನಡೆದುಬಿಡೋಣ ಅನ್ನಿಸಿತು ಮೇಷ್ಟ್ರಿಗೆ. ಆಕೆ ಹಾಗೆ ನಡೆದ ದಾರಿ ಎಷ್ಟು ಉದ್ದವಿತ್ತೋ ಎಂದು ಮೊದಲ ಸಲ ಯೋಚಿಸಿದರು. ಕಣ್ಣು ಮಂಜಾಯಿತು. ಮಂಜುಗಣ್ಣಿನಲ್ಲೇ ಗಾಡಿಯನ್ನು ಹಿಂದಕ್ಕೆ ಬಿಟ್ಟರು.

ಕೋಲು ಬಿತ್ತು.

"ಪರವಾಗಿಲ್ಲ ಅಣ್ಣ," ಎಂದಳು ಹೊಲಿಗೆಯಮ್ಮ, ಅದನ್ನು ಮತ್ತೆ ನೆಡಲು ಇಳಿಯುತ್ತ. "ಅಕ್ಕನ ಲೆಕ್ಕಕ್ಕೆ ನೀವಿನ್ನೂ ಐದು ಸಲ ಫೇಲಾಗಬೇಕು."